ವರ್ಣಲಾಭ: ತಂದೆ ಮಾಡಬೇಕಾದ ಕ್ರಿಯೆ

ಆಷಾಢ ಕಳೆದ ಮೇಲೆ ಬೇರೆ ಮನೆ ಮಾಡುವೆನೆಂದು ಮಗ ಹೇಳಿದಾಗ ನಾನು ಎರಡು ದಿನ ಅವನೊಡನೆ ಮಾತನಾಡಲಿಲ್ಲ. ಅವನಿಗೆ 29 ವರ್ಷ. ಮದುವೆಯಾಗಿ ಎರಡು ವರ್ಷ. ಮೂಡಲಪಾಳ್ಯದ ನಮ್ಮ ಮನೆಯ ಮೇಲೆ ಸಾಲ ಮಾಡಿ ಮಹಡಿ ಕಟ್ಟಿಸಿದ್ದು ಅವನಿಗಾಗಿಯೇ. ಹೀಗಿರುವಾಗ ಕೆಂಗೇರಿಯಲ್ಲಿ ಬಾಡಿಗೆ ತೆರುವುದೇಕೆ ಎಂಬುದು ನನ್ನ ಪ್ರಶ್ನೆ. "ಜಾಗ ಸಾಲದೆ ಅಲ್ಲ, ಅಪ್ಪಾಜಿ. ಯಾವ ಅಕ್ಕಿ ತರಬೇಕೆಂಬುದನ್ನೂ ಇಲ್ಲಿ ನೀವೇ ತೀರ್ಮಾನಿಸುತ್ತೀರಿ" ಎಂದ. ಮಾತಿನಲ್ಲಿ ಕೋಪವಿರಲಿಲ್ಲ. ಅದೇ ಹೆಚ್ಚು ನೋಯಿಸಿತು.

ಮೂರನೆಯ ದಿನ ಸ್ವಾಧ್ಯಾಯಕ್ಕೆ ಕುಳಿತು ಭಗವಜ್ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣವನ್ನು ತೆರೆದೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಗುರುಗಳಾಗಿದ್ದ ಆಚಾರ್ಯರು 9ನೆಯ ಶತಮಾನದಲ್ಲಿ ರಚಿಸಿದ ಈ ಪುರಾಣವೇ ಪಂಪನ ಕನ್ನಡ ಆದಿಪುರಾಣಕ್ಕೆ ಆಧಾರ. ಇದರ 38ನೆಯ ಪರ್ವದಲ್ಲಿ ಭರತ ಚಕ್ರವರ್ತಿಯು 53 ಗರ್ಭಾನ್ವಯ ಕ್ರಿಯೆಗಳನ್ನು ಉಪದೇಶಿಸುತ್ತಾನೆ. ಗರ್ಭಾಧಾನದಿಂದ ನಿರ್ವಾಣದವರೆಗೆ ಜೀವವು ಏರುವ ಮೆಟ್ಟಿಲುಗಳಿವು. ಬ್ರಹ್ಮಚಾರಿಯ ಕಠಿಣ ನಿಯಮಗಳು ವ್ರತಾವತರಣದಲ್ಲಿ ಇಳಿಯುತ್ತವೆ. ಜೇನು, ಮಾಂಸ, ಪಂಚ ಉದುಂಬರ ಫಲಗಳ ತ್ಯಾಗ ಮತ್ತು ಹಿಂಸಾದಿಗಳ ವಿರತಿ ಮಾತ್ರ ಜೀವನಪರ್ಯಂತ ಉಳಿಯುತ್ತವೆ. ಅನಂತರ 17ನೆಯದು ವಿವಾಹ. 18ನೆಯದು ವರ್ಣಲಾಭ.

ಈ ಹದಿನೆಂಟನೆಯ ಕ್ರಿಯೆಯನ್ನು ನಾನು ಹಿಂದೆಯೂ ಓದಿದ್ದೆ. ಮಗನಾಗಿ ಓದಿದ್ದೆನೇ ಹೊರತು ತಂದೆಯಾಗಿ ಓದಿರಲಿಲ್ಲ. ಮದುವೆಯಾದ ಮಾತ್ರಕ್ಕೆ ಯುವಕನು ಸ್ವತಂತ್ರನಲ್ಲ, ತಂದೆಯ ಮನೆಯಲ್ಲಿರುವವರೆಗೆ ಅವನು ಪರತಂತ್ರನೇ ಎಂದು ಆಚಾರ್ಯರು ಸ್ಪಷ್ಟವಾಗಿ ನುಡಿಯುತ್ತಾರೆ. ಆದ್ದರಿಂದ ತಂದೆಯು ಸಿದ್ಧಪೂಜೆ ನೆರವೇರಿಸಿ, ಮುಖ್ಯ ಶ್ರಾವಕರನ್ನು ಸಾಕ್ಷಿಯಾಗಿರಿಸಿಕೊಂಡು, ಮಗನಿಗೆ ಧನವನ್ನೊಪ್ಪಿಸಬೇಕು. ಪ್ರತ್ಯೇಕ ಗೃಹದಲ್ಲಿದ್ದು ದಾನ ಮೊದಲಾದ ಗೃಹಸ್ಥಧರ್ಮವನ್ನು ನಡೆಸೆಂದೂ, ತನ್ನ ತಂದೆಯಿತ್ತ ಧನದಿಂದ ತಾನು ಯಶಸ್ಸನ್ನೂ ಧರ್ಮವನ್ನೂ ಗಳಿಸಿದಂತೆ ನೀನೂ ಗಳಿಸೆಂದೂ ಹರಸಬೇಕು.

ಬಿ.ಎಡ್. ಓದುವಾಗ ಹ್ಯಾವಿಗ್‌ಹರ್ಸ್ಟ್ ಎಂಬ ಅಮೆರಿಕದ ವಿದ್ವಾಂಸರು ಹೇಳಿದ ವಿಕಾಸ ಕಾರ್ಯಗಳನ್ನು ಬಾಯಿಪಾಠ ಮಾಡಿದ್ದೆವು. ಸಂಗಾತಿಯ ಆಯ್ಕೆ, ಉದ್ಯೋಗ, ಸಂಸಾರದ ನಿರ್ವಹಣೆ, ನಾಗರಿಕ ಹೊಣೆ: ಇವು ಪ್ರೌಢತೆಯ ಮೊದಲ ಹಂತದ ಕೆಲಸಗಳು. ಪಟ್ಟಿ ಸರಿಯಾಗಿಯೇ ಇದೆ. ಆದರೆ ಅಲ್ಲಿ ಎಲ್ಲವನ್ನೂ ಮಾಡಬೇಕಾದವನು ಯುವಕ. ಜಿನಸೇನರಲ್ಲಿ ಎದ್ದು ನಿಂತು ಕೊಡಬೇಕಾದವನು ತಂದೆ. ಮಗನು ಬೆಳೆಯುವುದು ಹಿರಿಯನ ಕೈ ಸಡಿಲಾದಾಗ. ವರ್ಣಲಾಭವಾದ ಬಳಿಕವೇ ಪೂಜೆ, ವೃತ್ತಿ, ದಾನ, ಸ್ವಾಧ್ಯಾಯ, ಸಂಯಮ, ತಪಗಳೆಂಬ ಷಟ್ಕರ್ಮಗಳ ಕುಲಚರ್ಯೆ; ಆಮೇಲೆ ಗೃಹೀಶಿತೆ. ನಾನು ಮೂವತ್ತು ವರ್ಷ ಮಕ್ಕಳಿಗೆ 'ನೀವೇ ಯೋಚಿಸಿ ಬರೆಯಿರಿ' ಎಂದು ಹೇಳುತ್ತ ಬಂದವನು. ಮನೆಯಲ್ಲಿ ಮಾತ್ರ ಉತ್ತರಪತ್ರಿಕೆಯನ್ನು ನಾನೇ ಬರೆಯುತ್ತಿದ್ದೆ.

ಒಪ್ಪಿಸುವ ಈ ಧರ್ಮವನ್ನು ಆಚಾರ್ಯರ ಪರಂಪರೆಯೇ ಪಾಲಿಸಿತ್ತು. ಗುರು ವೀರಸೇನರು ಅರ್ಧದಲ್ಲಿ ಬಿಟ್ಟುಹೋದ ಜಯಧವಲಾ ಟೀಕೆಯನ್ನು ಜಿನಸೇನರು ಕ್ರಿ.ಶ. 837ರಲ್ಲಿ ಪೂರ್ಣಗೊಳಿಸಿದರು, ಅದರ ಬಹುಭಾಗ ಶಿಷ್ಯರದೇ. ಮುಂದೆ ಅವರ ಆದಿಪುರಾಣವೂ ಅಪೂರ್ಣವಾಗಿ ನಿಂತು, ಶಿಷ್ಯ ಗುಣಭದ್ರರ ಕೈಯಲ್ಲಿ ಮುಗಿಯಿತು.

ಶ್ರಾವಣದ ಒಂದು ಭಾನುವಾರ ಬಸದಿಯಲ್ಲಿ ಅಭಿಷೇಕ ಮಾಡಿಸಿ, ನಾಲ್ವರು ಹಿರಿಯರ ಮುಂದೆ ಮಗ-ಸೊಸೆಯ ಕೈಗೆ ಒಂದಿಷ್ಟು ಠೇವಣಿಯ ಪತ್ರವನ್ನಿಟ್ಟೆ. ಹೇಳಬೇಕೆಂದುಕೊಂಡಿದ್ದ ಮಾತು ಗಂಟಲಲ್ಲೇ ಉಳಿಯಿತು. ಮಗ ಕಾಲಿಗೆರಗಿದ. ಮರುದಿನವೇ ಸಾಮಾನು ಸಾಗಿಸಿದರು. ನನಗೀಗ ಉಳಿದಿರುವುದು 21ನೆಯ ಕ್ರಿಯೆಯಾದ ಪ್ರಶಾಂತಿ; ಹೊಣೆಯನ್ನು ಮಗನಿಗೊಪ್ಪಿಸಿದವನು ಸ್ವಾಧ್ಯಾಯ, ಉಪವಾಸಗಳಲ್ಲಿ ಶಾಂತನಾಗಿರುವುದು. ಅದು ಕಠಿಣ. ದಿನಕ್ಕೆರಡು ಸಲ ಫೋನ್ ಕೈಗೆತ್ತಿಕೊಂಡು ಕೆಳಗಿಡುತ್ತೇನೆ.

ರಾತ್ರಿ ಗ್ರಂಥವನ್ನು ಮುಚ್ಚುವಾಗ ನನ್ನಾಕೆ, "ಮಗಳ ಮಾತೇನು ರೀ?" ಎಂದಳು. ಮತ್ತೆ ಪುಟ ತಿರುವಿದೆ. 22ನೆಯ ಕ್ರಿಯೆ ಗೃಹತ್ಯಾಗದಲ್ಲಿ ಧನವನ್ನು ಮೂರು ಭಾಗ ಮಾಡಿ, ಒಂದನ್ನು ಧರ್ಮಕ್ಕೆ, ಒಂದನ್ನು ಮನೆಯ ವೆಚ್ಚಕ್ಕೆ, ಇನ್ನೊಂದನ್ನು ಮಕ್ಕಳಿಗೆ ಹಂಚಲು ಹೇಳಿದೆ. ಪುತ್ರಿಯರಿಗೂ ಪುತ್ರರಷ್ಟೇ ಸಮಪಾಲೆಂದು ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಆಚಾರ್ಯರು ಬರೆದಿದ್ದಾರೆ. ಅವಳಿಗೆ ಓದಿ ಹೇಳಿದೆ. ಮುಂದಿನ ವಾರ ವಕೀಲರನ್ನು ಕಾಣುವುದಿದೆ.