ಬಾವಿಯ ಲೆಕ್ಕಕ್ಕೆ ಬಳೆಗಳ ಜಾಲ

ಗಣಿತವೆಂದರೆ ಚೌಕಳಿ ಕಾಗದದ ಮೇಲಿನ ಕೆಲಸವೆಂದು ನಮ್ಮಲ್ಲಿ ಅನೇಕರ ಭಾವನೆ. ಫ್ರಾನ್ಸಿನ ಡೆಕಾರ್ಟ್ ಪಂಡಿತನು 1637ರಲ್ಲಿ ಪ್ರಕಟಿಸಿದ ಗ್ರಂಥದಿಂದ ಬೆಳೆದುಬಂದ ಈ ಪದ್ಧತಿಯು ಬಹು ಉಪಯುಕ್ತವಾದುದು, ನಿಜ. ಆದರೆ ಉರುಟಾದುದನ್ನು ಲೆಕ್ಕಕ್ಕೆ ತರುವಾಗ ಜಾಲವನ್ನೂ ಉರುಟಾಗಿಯೇ ಹೆಣೆಯುವುದು ಲೇಸೆಂಬುದನ್ನು ನಮ್ಮೂರ ಬಾವಿಯ ದೃಷ್ಟಾಂತದಿಂದ ತಿಳಿಸಲು ಯತ್ನಿಸುವೆನು.

ಬಾವಿಯಿಂದ ಪಂಪಿನಲ್ಲಿ ನೀರೆತ್ತಿದರೆ ಸುತ್ತಣ ನೆಲದೊಳಗಿನ ನೀರಿನ ಮಟ್ಟವೂ ತಗ್ಗುತ್ತದೆ. ಬಳಿಯಲ್ಲಿ ಹೆಚ್ಚು, ದೂರದಲ್ಲಿ ಕಡಿಮೆ. ನೆಲವು ಎಲ್ಲೆಡೆ ಒಂದೇ ಬಗೆಯದಾಗಿದ್ದರೆ, ಸಮದೂರದಲ್ಲಿ ಮೂಡಣಕ್ಕಾಗಲಿ ಪಡುವಣಕ್ಕಾಗಲಿ ಇಳಿತ ಒಂದೇ. ಇದೇ ಸಮಮಿತಿ. ಗಣಕಯಂತ್ರವು ನೆಲವನ್ನು ಸಣ್ಣ ಮನೆಗಳಾಗಿ ವಿಂಗಡಿಸಿ, ಪ್ರತಿ ಮನೆಗೆ ಬಂದ ನೀರು, ಹೋದ ನೀರುಗಳ ಲೆಕ್ಕವಿಡುತ್ತದೆ.

ಬಾವಿಯ ತ್ರಿಜ್ಯ ಒಂದು ಮೀಟರ್. 128 ಮೀಟರಿನಾಚೆ ಇಳಿತವಿಲ್ಲವೆಂದು ಭಾವಿಸೋಣ. ಮೀಟರಿಗೊಂದು ಚೌಕ ಹಾಕಿದರೆ 256 × 256, ಅಂದರೆ 65,536 ಮನೆಗಳಾದವು. ಸಾಲದುದಕ್ಕೆ, ಬಾವಿಯ ಉರುಟು ಗೋಡೆ ಮೆಟ್ಟಿಲು ಮೆಟ್ಟಿಲಾಗಿ ತೋರುತ್ತದೆ! ಬದಲಾಗಿ 1, 2, 4, 8, 16, 32, 64, 128 ಮೀಟರ್ ತ್ರಿಜ್ಯದ ವರ್ತುಲಗಳನ್ನೆಳೆದರೆ ಏಳೇ ಬಳೆಗಳು.

ಇಮ್ಮಡಿಸುವುದೇಕೆ? ಪ್ರತಿ ಬಳೆಯನ್ನು ದಾಟುವ ನೀರು ಅಷ್ಟೇ. ಹೊರಬಳೆಯ ಅಗಲ ಒಳಬಳೆಯ ಎರಡರಷ್ಟು, ಪರಿಧಿಯೂ ಎರಡರಷ್ಟು. ದಾರಿ ಉದ್ದವಾದಷ್ಟೇ ಬಾಗಿಲೂ ಅಗಲ. ಆದುದರಿಂದ, ನೀರಿನ ಪದರದ ದಪ್ಪ ಒಂದೇ ಇದ್ದು ಹರಿವು ಸ್ಥಿರವಾಗಿದ್ದರೆ, ಬಳೆಬಳೆಗೂ ಇಳಿತ ಸಮ. ಜರ್ಮನಿಯ ಇಂಜಿನಿಯರ್ ಗುಂಟರ್ ಥೀಮ್ 1906ರಲ್ಲಿ ಕೊಟ್ಟ ಸೂತ್ರದ ತಿರುಳೂ ಇದೇ. ಬಾವಿಯಲ್ಲಿ ಮೂರೂವರೆ ಮೀಟರ್ ಇಳಿದರೆ ಬಳೆಗೆ ಅರ್ಧ ಮೀಟರ್; ಹದಿನಾರು ಮೀಟರ್ ದೂರದ ನೆರೆಮನೆಯಲ್ಲಿ, ಉಳಿದ ಮೂರು ಬಳೆಗಳ ಲೆಕ್ಕದಂತೆ, ಒಂದೂವರೆ ಮೀಟರ್. ಮಟ್ಟವು ಗಂಟೆಗಂಟೆಗೆ ಬದಲಾಗುತ್ತಿದ್ದರೆ ಮಾತ್ರ ಬಳೆಗಳನ್ನು ಇನ್ನೂ ತೆಳುವಾಗಿಸಿ, ಒಂದೊಂದರ ಕ್ಷೇತ್ರಫಲವನ್ನೂ ಗಣಿಸಬೇಕು.

ಈ ಉಪಾಯಕ್ಕೂ ಮೇರೆಯುಂಟು. ನಮ್ಮ ತಣ್ಣೀರುಬಾವಿಯನ್ನೇ ನೋಡಿರಿ: ಪಡುವಣಕ್ಕೆ ಕಡಲು, ಮೂಡಣಕ್ಕೆ ಗುರುಪುರ ಹೊಳೆ. ಅಲ್ಲಿ ಎಲ್ಲ ದಿಕ್ಕೂ ಒಂದೇ ಎನ್ನಲಾಗದು. ಆಗ ಚಕ್ರದ ಅರೆಗಳಂತೆ ಕೇಂದ್ರದಿಂದ ಹನ್ನೆರಡು ಗೆರೆಗಳನ್ನೆಳೆದು ಬಳೆಗಳನ್ನು ತುಂಡರಿಸಬೇಕು. ಆದರೂ ಮನೆಗಳು 84 ಮಾತ್ರ.

ನಮ್ಮ ಮನೆತನದಲ್ಲಿ ಕಾಲೇಜು ಕಂಡವರಲ್ಲಿ ನಾನೇ ಮೊದಲಿಗ. ಬೇಸಗೆಯಲ್ಲಿ ಬಾವಿ ಬತ್ತಿದರೆ ನಮ್ಮ ಹಿರಿಯರು ದೈವೇಚ್ಛೆ ಎನ್ನುವರು, ಇಲ್ಲವೆ ನೆರೆಯವರೊಡನೆ ಜಗಳಕ್ಕೆ ನಿಲ್ಲುವರು. ಕಡಲ ಬದಿಯಲ್ಲಿ ಮಿತಿಮೀರಿ ನೀರೆತ್ತಿದರೆ ಉಪ್ಪುನೀರೇ ಒಳನುಗ್ಗುವ ಭಯವೂ ಇದೆ. ಯಾರ ಪಂಪು ಯಾರ ಬಾವಿಯನ್ನು ಎಷ್ಟು ತಗ್ಗಿಸುತ್ತದೆಂದು ಏಳು ಬಳೆಗಳನ್ನೆಳೆದು ಅಂದಾಜು ಮಾಡಬಹುದಾದರೆ, ನೆರೆಹೊರೆಯವರು ಕೂಡಿ ಕುಳಿತು ಪಂಪಿನ ವೇಳೆಯನ್ನು ಗೊತ್ತುಮಾಡಿಕೊಳ್ಳಲೂ ಬಹುದಲ್ಲವೆ?