ಮೀಸೆ ಮಣ್ಣಾಗದ ಜಟ್ಟಿ

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬುದು ನಮ್ಮಲ್ಲಿನ ಹಳೆಯ ಗಾದೆ. ಅದರ ಒಳಮರ್ಮ ನನಗೆ ತಿಳಿದದ್ದು 2018ರ ಜನವರಿಯಲ್ಲಿ, ಕೆನಡಾದ ರಾಜಧಾನಿ ಒಟ್ಟಾವಾದಲ್ಲಿ, ಮಗನ ಮನೆಯ ಮುಂದಿನ ಕಾಲುದಾರಿಯಲ್ಲಿ.

ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳಕ್ಕೆ ಅಡಿಕೆ ದಬ್ಬೆ ಹಾಸುವ ಮಲೆನಾಡಿನವನು ನಾನು. ಜಾರುವ ನೆಲ ನನಗೆ ಹೊಸದಲ್ಲ. ಆದರೆ ಪಾಚಿ ಕಣ್ಣಿಗೆ ಕಾಣುತ್ತದೆ. ಅಲ್ಲಿ ಹಗಲು ಕರಗಿದ ಹಿಮದ ನೀರು ಇರುಳಿನಲ್ಲಿ ಗಾಜಿನಂಥ ತೆಳುಪದರವಾಗಿ ಹೆಪ್ಪುಗಟ್ಟುತ್ತದೆ. ಅದರ ಮೂಲಕ ಕೆಳಗಿನ ಟಾರೇ ಕಾಣುವುದರಿಂದ ಅಲ್ಲಿಯವರು ಅದನ್ನು ಕರಿಯ ಮಂಜುಗಡ್ಡೆ ಎನ್ನುತ್ತಾರೆ. ಸೊನ್ನೆ ಡಿಗ್ರಿಗಿಂತ ಕೆಳಗೂ ಮಂಜುಗಡ್ಡೆಯ ಮೇಲ್ಮೈಯಲ್ಲಿ ದ್ರವದಂಥ ಅತಿ ತೆಳುವಾದ ಪೊರೆಯೊಂದಿರುತ್ತದೆ. ಹಿಮ್ಮಡಿಯೂರಿ ನಡೆಯುವ ನಮ್ಮ ಅಭ್ಯಾಸಕ್ಕೆ ಅದು ಆಸರೆ ಕೊಡುವುದಿಲ್ಲ.

ಬಿದ್ದೊಡನೆ ನಾನು ನೋಡಿದ್ದು ಕಾಲನ್ನಲ್ಲ. ಯಾರಾದರೂ ಕಂಡರೇ ಎಂದು ಸುತ್ತಲೂ ನೋಡಿದೆ. ತಟಕ್ಕನೆ ಎದ್ದು, ಕುಂಟುತ್ತ ಮನೆ ಸೇರಿದೆ. ಮಡದಿ ಹರಳೆಣ್ಣೆ ಬಿಸಿಮಾಡಿದಳು. ಮಗ ತಡೆದ: "ಉಜ್ಜಬೇಡಿ ಅಪ್ಪ, ಮೊದಲು ವೈದ್ಯರಿಗೆ ತೋರಿಸೋಣ."

"ಬರಿಯ ಉಳುಕು. ಮೂಳೆ ಮುರಿದಿದ್ದರೆ ನಡೆದು ಬರಲಾಗುತ್ತಿತ್ತೇ?" ಎಂದೆ.

ಕಾಲಿನ ಎರಡು ಮೂಳೆಗಳು ಕೆಳತುದಿಯಲ್ಲಿ ಇಕ್ಕುಳದಂತೆ ಪಾದದ ಮೂಳೆಯೊಂದನ್ನು ಹಿಡಿದಿವೆ. ಆ ಕೀಲೇ ಹರಡು. ಪಾದ ಒಳಕ್ಕೆ ಮಗುಚಿದಾಗ ಹೊರಬದಿಯ ಕಟ್ಟುನಾರುಗಳು ಹಿಗ್ಗಿದರೆ, ಇಲ್ಲವೆ ಹರಿದರೆ, ಅದು ಉಳುಕು. ಮೈಯ ಭಾರವೆಲ್ಲ ತಿರುಚಿಕೊಂಡು ಬಿದ್ದರೆ ಹೊರಬದಿಯ ತೆಳುಮೂಳೆಯೇ ಬಿರಿಯಬಹುದು. ಊತವೂ ನೋವೂ ಎರಡರಲ್ಲಿಯೂ ಉಂಟು. ಕಣ್ಣಳತೆಯಿಂದ ಬೇರ್ಪಡಿಸುವುದು ಕಷ್ಟ.

ಇದಕ್ಕೊಂದು ಸರಳ ಪರೀಕ್ಷೆಯನ್ನು ರೂಪಿಸಿದವರು ಅದೇ ಊರಿನ ವೈದ್ಯ ಇಯಾನ್ ಸ್ಟೀಲ್ ಮತ್ತು ಅವರ ಸಂಗಡಿಗರು, 1992ರಲ್ಲಿ. ಹರಡು ನೊಂದವರಿಗೆಲ್ಲ ಎಕ್ಸ್-ರೇ ತೆಗೆಯುವ ವಾಡಿಕೆಯಿತ್ತು. ಬಹುಪಾಲು ಚಿತ್ರಗಳಲ್ಲಿ ಮುರಿತವೇ ಕಾಣುತ್ತಿರಲಿಲ್ಲ. ಒಟ್ಟಾವಾ ನಿಯಮಗಳೆಂದು ಹೆಸರಾದ ಈ ಕ್ರಮದಲ್ಲಿ ಕೇಳುವ ಪ್ರಶ್ನೆಗಳು ಎರಡು. ಬಿದ್ದಾಗಲೂ ಆಸ್ಪತ್ರೆಯಲ್ಲಿಯೂ, ಕುಂಟುತ್ತಲಾದರೂ, ನಾಲ್ಕು ಹೆಜ್ಜೆ ಇಡಬಲ್ಲಿರಾ? ಹರಡಿನ ಎರಡು ಬದಿಯ ಮೂಳೆಗಳ ಹಿಂಬದಿಯ ಅಂಚನ್ನು, ತುದಿಯಿಂದ 6 ಸೆಂಟಿಮೀಟರಿನವರೆಗೆ, ಒತ್ತಿದರೆ ನೋಯುವುದೇ? ನಡೆಯಲಾರದಿದ್ದರೂ ಸರಿ, ಒತ್ತಿದಾಗ ನೊಂದರೂ ಸರಿ, ಎಕ್ಸ್-ರೇ ಬೇಕು. ಪಾದದ ನಡುಭಾಗಕ್ಕೂ ಇಂಥದೇ ಪರೀಕ್ಷೆಯುಂಟು.

ನಾಲ್ಕು ಹೆಜ್ಜೆಯನ್ನು ನಾನು ಗೆದ್ದವನಂತೆ ಇಟ್ಟೆ. ಆಮೇಲೆ ವೈದ್ಯೆ ಹೊರಬದಿಯ ಮೂಳೆಯ ಹಿಂದೆ ಹೆಬ್ಬೆರಳಿಟ್ಟು ಒತ್ತಿದರು. ನಾನು ಚೀರಿದೆ. ಚಿತ್ರದಲ್ಲಿ ಕೂದಲೆಳೆಯಂಥ ಬಿರುಕು ಸ್ಪಷ್ಟವಾಗಿತ್ತು. ಆ ಎಣ್ಣೆ, ಆ ಉಜ್ಜಾಟ ನಡೆದಿದ್ದರೆ ಏನಾಗುತ್ತಿತ್ತೆಂದು ಇಂದಿಗೂ ನೆನೆದು ಬೆದರುತ್ತೇನೆ.

ಮಂಜುಗಡ್ಡೆಯ ಮೇಲೆ ನಡೆಯುವವರು ಪೆಂಗ್ವಿನ್ ಹಕ್ಕಿಯಂತೆ ನಡೆಯಬೇಕೆಂದು ಅಲ್ಲಿಯವರು ಮಕ್ಕಳಿಗೆ ಕಲಿಸುತ್ತಾರೆ: ಪುಟ್ಟ ಹೆಜ್ಜೆ, ತುಸು ಮುಂದಕ್ಕೆ ಬಾಗಿದ ಮೈ, ಜೇಬಿನಿಂದ ಹೊರಗಿಟ್ಟ ಕೈ. ನಾನು ಇನ್ನೊಂದನ್ನು ಸೇರಿಸುತ್ತೇನೆ. ಬಿದ್ದಮೇಲೆ ಒಂದು ಗಳಿಗೆ ಅಲ್ಲೇ ಕುಳಿತಿರಿ, ನೋಡಿದವರು ನೋಡಲಿ. ಮೀಸೆಯ ಮಣ್ಣನ್ನು ಆಮೇಲೆ ಒರೆಸಿಕೊಳ್ಳಬಹುದು.