ಯಾಟ್ ಕ್ಲಬ್ಬಿನಲ್ಲಿ ಶ್ರಮದಾನ

ಮಳೆಗಾಲ ಕಳೆದು ಆಕಾಶ ತಿಳಿಯಾದ ಮೇಲೆ ಗೇಟ್‌ವೇ ಆಫ್ ಇಂಡಿಯಾದ ಕಟ್ಟೆಗೆ ಹೋಗಿ ನಿಂತ ಮುಂಬಯಿ ಕನ್ನಡಿಗರು ದೂರದಲ್ಲಿ ಓಲಾಡುವ ಹಾಯಿದೋಣಿಗಳನ್ನು ಒಮ್ಮೆಯಾದರೂ ನೋಡಿರುತ್ತಾರೆ. "ಅದು ಯಾಟ್ ಕ್ಲಬ್ಬಿನವರದು, ದೊಡ್ಡವರ ಆಟ" ಎಂದು ಮಕ್ಕಳಿಗೆ ಹೇಳಿ, ಕಡಲೆಕಾಯಿಯ ಪೊಟ್ಟಣದ ಕಡೆಗೆ ತಿರುಗುವುದು ನಮ್ಮೆಲ್ಲರ ವಾಡಿಕೆ. ದೊಡ್ಡವರ ಆಟವೆಂಬುದು ಸುಳ್ಳಲ್ಲ. ಆದರೆ ಈ ಆಟ ಬೆಳೆದ ಇಂಗ್ಲೆಂಡಿನಲ್ಲಿ, ಕಡಲ ತೀರದ ಸಣ್ಣ ಊರುಗಳ ಕ್ಲಬ್ಬುಗಳಲ್ಲಿ, ವರ್ಷದ ಕೆಲವು ದಿನ ಅದರ ಇನ್ನೊಂದು ಮುಖವನ್ನು ಕಾಣಬಹುದು. ಅಂದು ಹಾಯಿ ಬಿಚ್ಚುವವರಿಲ್ಲ. ವಕೀಲರು, ಶಾಲೆಯ ಮಾಸ್ತರರು, ಬಸ್ಸಿನ ಡ್ರೈವರು, ಹಲ್ಲಿನ ಡಾಕ್ಟರು, ಎಲ್ಲರೂ ಹರಕು ಷರಾಯಿ ತೊಟ್ಟು ಒಂದೇ ಸಾಲಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ದೋಣಿಯ ತಳವನ್ನು ಕೆರೆಯುತ್ತಿರುತ್ತಾರೆ.

ಇದಕ್ಕೆ ಅಲ್ಲಿ 'ವರ್ಕ್ ಪಾರ್ಟಿ' ಎನ್ನುತ್ತಾರೆ. ಪಾರ್ಟಿಯೆಂದರೆ ಇಲ್ಲಿ ತಂಡವೆಂದು ಅರ್ಥ. ಔತಣವೆಂದು ತಿಳಿದು ಹೊಸ ಬಟ್ಟೆ ತೊಟ್ಟು ಹೋದವರು ಬಣ್ಣದ ಕಲೆಗಳೊಡನೆ ಮನೆಗೆ ಮರಳಬೇಕಾದೀತು. ಆಸ್ಟ್ರೇಲಿಯದವರು ಇದನ್ನೇ 'ವರ್ಕಿಂಗ್ ಬೀ' ಎಂದು ಕರೆಯುತ್ತಾರೆ. ಕೇಳಿದವರಿಗೆ ಜೇನುಗೂಡು ನೆನಪಾಗುವಂಥ ಹೆಸರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಶ್ರಮದಾನ.

ಈ ಪದ್ಧತಿ ಮೊದಲಿನಿಂದ ಇದ್ದುದಲ್ಲ. ಇಂಗ್ಲಿಷ್ ಯಾಟ್ ಕ್ಲಬ್ಬುಗಳು ಒಂದು ಕಾಲಕ್ಕೆ ಎಂತಹ ಬಿಗುಮಾನದ ಮನೆಗಳಾಗಿದ್ದವೆಂಬುದಕ್ಕೆ ಸರ್ ಥಾಮಸ್ ಲಿಪ್ಟನ್ನರ ಕಥೆಯೊಂದೇ ಸಾಕು. ಚಹದ ಪೊಟ್ಟಣದ ಮೇಲೆ ಇಂದಿಗೂ ನಾವು ನೋಡುವ ಹೆಸರು ಅವರದೇ. 1899ರಿಂದ 1930ರವರೆಗೆ ಐದು ಸಲ ಅವರು 'ಅಮೆರಿಕಾಸ್ ಕಪ್' ಪಂದ್ಯಕ್ಕೆ ತಮ್ಮ ಯಾಟುಗಳನ್ನು ಕಳುಹಿಸಿದರು. ಅಷ್ಟಾದರೂ 1815ರಲ್ಲಿ ಸ್ಥಾಪಿತವಾದ ರಾಯಲ್ ಯಾಟ್ ಸ್ಕ್ವಾಡ್ರನ್ ಎಂಬ ಕ್ಲಬ್ಬು ಕಿರಾಣಿ ವ್ಯಾಪಾರದಿಂದ ಮೇಲೆ ಬಂದ ಈ ಗೃಹಸ್ಥರಿಗೆ ಬಾಗಿಲು ತೆರೆದದ್ದು 1931ರಲ್ಲಿ, ಅವರು ತೀರಿಕೊಂಡ ವರ್ಷ! ಅಂತಹ ಯಾಟುಗಳಲ್ಲಿ ಧಣಿಗಳು ಕೈ ಕೊಳೆ ಮಾಡಿಕೊಳ್ಳುತ್ತಿರಲಿಲ್ಲ. ಎಸೆಕ್ಸ್ ತೀರದ ವಿವನ್‌ಹೋ, ಟೋಲ್ಸ್‌ಬರಿ ಮೊದಲಾದ ಹಳ್ಳಿಗಳ ಮೀನುಗಾರರು ಚಳಿಗಾಲದಲ್ಲಿ ಮೀನು ಹಿಡಿದು, ಬೇಸಿಗೆಯಲ್ಲಿ ಶ್ರೀಮಂತರ ಯಾಟುಗಳಲ್ಲಿ ಸಂಬಳಕ್ಕೆ ದುಡಿಯುತ್ತಿದ್ದರು. ಹಗ್ಗ ಎಳೆಯುವವರೂ ಅವರೇ, ತಳ ಉಜ್ಜುವವರೂ ಅವರೇ.

ತಮ್ಮ ದೋಣಿಯನ್ನು ತಾವೇ ನಡೆಸಬೇಕೆಂಬ ಹಟದವರು 1872ರಲ್ಲಿ ಕೊರಿಂಥಿಯನ್ ಯಾಟ್ ಕ್ಲಬ್ ಎಂಬುದನ್ನು ಕಟ್ಟಿದರು. ಮುಂದೆ ಅದಕ್ಕೂ 'ರಾಯಲ್' ಎಂಬ ಬಿರುದು ಬಂತು. 1934ರಲ್ಲಿ ಅಮೆರಿಕಾಸ್ ಕಪ್ಪಿಗೆ ಹೊರಟ 'ಎಂಡೆವರ್' ಎಂಬ ಯಾಟಿನ ಸಂಬಳದಾಳುಗಳು ಹೆಚ್ಚು ಕೂಲಿ ಕೇಳಿ ಕೆಲಸ ನಿಲ್ಲಿಸಿದಾಗ, ಒಡೆಯ ಸಾಪ್‌ವಿತ್ತರು ಈ ಕ್ಲಬ್ಬಿನ ಹವ್ಯಾಸಿಗಳನ್ನೇ ಅವರ ಜಾಗಕ್ಕೆ ಹತ್ತಿಸಿಕೊಂಡರು. ಮೊದಲೆರಡು ಪಂದ್ಯಗಳನ್ನು ಗೆದ್ದ ಎಂಡೆವರ್ ಮುಂದಿನ ನಾಲ್ಕನ್ನೂ ಸೋತಿತು. ಅನುಭವಸ್ಥ ಆಳುಗಳಿದ್ದರೆ ಗೆಲ್ಲುತ್ತಿತ್ತೆಂದು ವಾದಿಸುವವರು ಇಂದಿಗೂ ಉಂಟು. ಕೂಲಿ ಕೊಟ್ಟಿದ್ದರೆ ಏನು ಮುಳುಗಿಹೋಗುತ್ತಿತ್ತು ಎಂದು ನಮಗೆ ಅನಿಸುತ್ತದೆ.

ಎರಡನೆಯ ಮಹಾಯುದ್ಧದ ನಂತರ ಕಾಲ ಬದಲಾಯಿತು. ಒಳ್ಳೆಯ ಗೋಂದು, ನೀರಿಗೆ ತಾಳುವ ಪ್ಲೈವುಡ್ ಅಗ್ಗವಾಗಿ ಸಿಗತೊಡಗಿದವು. 'ಡೇಲಿ ಮಿರರ್' ಪತ್ರಿಕೆಯ ಆಶ್ರಯದಲ್ಲಿ, ದೋಣಿಗಳ ವಿನ್ಯಾಸಕಾರ ಜಾಕ್ ಹೋಲ್ಟರೂ, ಮನೆಗೆಲಸದ ಕೈಚಳಕವನ್ನು ಟೆಲಿವಿಷನ್ನಿನಲ್ಲಿ ಕಲಿಸುತ್ತಿದ್ದ ಬ್ಯಾರಿ ಬಕ್ನೆಲ್ಲರೂ ಸೇರಿ ರೂಪಿಸಿದ 'ಮಿರರ್' ದೋಣಿ 1963ರಲ್ಲಿ ಜನರ ಮುಂದೆ ಬಂತು. ಹಲಗೆಗಳ ಅಂಚನ್ನು ತಾಮ್ರದ ತಂತಿಯಿಂದ ಬಟ್ಟೆ ಹೊಲಿದಂತೆ ಹೊಲಿದು, ಮೇಲೆ ಗಾಜಿನ ನಾರಿನ ಪಟ್ಟಿಯನ್ನು ರಾಳದಿಂದ ಅಂಟಿಸಿದರೆ ದೋಣಿ ಸಿದ್ಧ. ಬೆಲೆ 63 ಪೌಂಡು 11 ಷಿಲ್ಲಿಂಗು. ಮನೆಯ ಹಿತ್ತಿಲಲ್ಲಿ, ಕಾರಿನ ಕೊಟ್ಟಿಗೆಯಲ್ಲಿ, ನಡುಮನೆಯಲ್ಲಿ ಕೂಡ ಜನ ದೋಣಿ ಕಟ್ಟಿದರು. ಇಂತಹ ದೋಣಿಗಳು ಒಟ್ಟು ಸುಮಾರು 70,000 ಆದವೆಂದು ಲೆಕ್ಕ. ಹೀಗೆ ದೋಣಿ ಪಡೆದ ಗುಮಾಸ್ತರಿಗೂ ಕಾರ್ಖಾನೆಯ ಕೆಲಸಗಾರರಿಗೂ ಆಳಿಡುವ ಶಕ್ತಿಯೆಲ್ಲಿ? ಅವರು ಸೇರಿ ಕಟ್ಟಿದ ಕ್ಲಬ್ಬುಗಳಲ್ಲಿ ಇಳಿಜಾರು ಕಟ್ಟುವುದರಿಂದ ಹಿಡಿದು ಛಾವಣಿಯ ನೀರಿನ ಕೊಳವೆಯಲ್ಲಿ ಸಿಕ್ಕಿದ ಎಲೆ ತೆಗೆಯುವವರೆಗೆ ಎಲ್ಲವೂ ಸದಸ್ಯರ ಪಾಲಿಗೇ ಬಂತು.

ದೊಡ್ಡ ಶ್ರಮದಾನ ವರ್ಷಕ್ಕೆ ಎರಡು. ಅಕ್ಟೋಬರಿನ ಸುಮಾರಿಗೆ ದೋಣಿಗಳನ್ನು ನೀರಿನಿಂದ ಮೇಲೆತ್ತುವುದು, ಏಪ್ರಿಲ್ ಹೊತ್ತಿಗೆ ಮತ್ತೆ ಇಳಿಸುವುದು. ಎತ್ತುವುದಕ್ಕೆ ಕ್ರೇನನ್ನು ಬಾಡಿಗೆಗೆ ತರಿಸುತ್ತಾರೆ; ಬಾಡಿಗೆಯನ್ನು ದೋಣಿಯವರೆಲ್ಲ ಹಂಚಿಕೊಳ್ಳುತ್ತಾರೆ. ಕ್ರೇನಿನ ಚಾಲಕ ಮಾತ್ರ ಸಂಬಳದವನು. ಭರತ ಇರುವ ಕೆಲವೇ ಗಂಟೆಗಳಲ್ಲಿ ದೋಣಿಗಳು ಒಂದೊಂದಾಗಿ ದಡಕ್ಕೆ ಬರಬೇಕು. ನೀರು ಇಳಿಯಿತೆಂದರೆ ಉಳಿದ ದೋಣಿಗಳಿಗೆ ಮುಂದಿನ ಭರತವೇ ಗತಿ. ಆದ್ದರಿಂದ ಆ ದಿನದ ಪಟ್ಟಿ ಮದುವೆಮನೆಯ ಪಂಕ್ತಿಗಿಂತ ಬಿಗಿ. ಇಬ್ಬರು ದೋಣಿಯ ಅಡಿಗೆ ಅಗಲವಾದ ಪಟ್ಟಿಗಳನ್ನು ತೂರಿಸುತ್ತಾರೆ, ಇಬ್ಬರು ಮುಂದೆ ಹಿಂದೆ ಹಗ್ಗ ಹಿಡಿದು ದೋಣಿ ಗಾಳಿಗೆ ಗಿರಕಿ ಹೊಡೆಯದಂತೆ ನೋಡಿಕೊಳ್ಳುತ್ತಾರೆ, ಒಬ್ಬರು ಕೈಸನ್ನೆ ಮಾಡುತ್ತಾರೆ. ಸನ್ನೆ ಮಾಡುವವರು ಒಬ್ಬರೇ ಇರಬೇಕು. ನಾಲ್ವರು ಕೈಯಾಡಿಸಿದರೆ ಚಾಲಕ ಯಾರ ಮಾತು ಕೇಳಬೇಕು? ತೂಗುವ ದೋಣಿಯ ಕೆಳಗೆ ಯಾರೂ ಕಾಲಿಡಕೂಡದು. ಅಂಗಳದಲ್ಲಿ ಉಕ್ಕಿನ ಚೌಕಟ್ಟುಗಳು ಕಾದಿರುತ್ತವೆ. ಅವಕ್ಕೆ ಅಲ್ಲಿನವರು 'ತೊಟ್ಟಿಲು' ಎನ್ನುವುದು ಚೆನ್ನಾಗಿದೆ, ಚಳಿಗಾಲವೆಲ್ಲ ದೋಣಿ ಅದರಲ್ಲಿಯೇ ಮಲಗಿರುತ್ತದೆ.

ನೋಡುವವರಿಗೆ ಕ್ರೇನಿನ ಕೆಲಸವೇ ದೊಡ್ಡದಾಗಿ ಕಾಣುತ್ತದೆ. ಆದರೆ ಎಲ್ಲಕ್ಕಿಂತ ಜವಾಬ್ದಾರಿಯ ಕೆಲಸ ನಡೆಯುವುದು ಕೆಸರಿನಲ್ಲಿ, ಯಾರ ಕಣ್ಣಿಗೂ ಬೀಳದೆ. ಬೇಸಿಗೆಯಲ್ಲಿ ದೋಣಿಯನ್ನು ಕಟ್ಟಿಹಾಕುವ ಲಂಗರು ವ್ಯವಸ್ಥೆ ಹೀಗಿರುತ್ತದೆ: ಸಮುದ್ರದ ತಳದಲ್ಲಿ ಹೂತ ಕಾಂಕ್ರೀಟಿನ ಭಾರಿ ಗುಂಡು, ಅದಕ್ಕೊಂದು ದಪ್ಪ ಸರಪಳಿ, ಅದರಿಂದ ಮೇಲಕ್ಕೆ ಏರಿಬರುವ ಇನ್ನೊಂದು ಸರಪಳಿ, ಅದರ ತುದಿಗೆ ತೇಲುವ ಬುರುಡೆ. ಅಲೆ ಏರಿದಾಗ ಸರಪಳಿ ಎದ್ದು, ಇಳಿದಾಗ ಮರಳಿನ ಮೇಲೆ ಬಿದ್ದು, ನೆಲ ಮುಟ್ಟುವ ಜಾಗದಲ್ಲಿ ಕೊಂಡಿಗೆ ಕೊಂಡಿ ಉಜ್ಜಿ ಸವೆಯುತ್ತದೆ. ಮೇಲಿನ ಭಾಗ ಹೊಸದರಂತೆ ಕಂಡರೂ ಅಲ್ಲಿ ಅರ್ಧ ಕಬ್ಬಿಣ ಮಾಯವಾಗಿರಬಹುದು. ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಇಳಿತದಲ್ಲಿ ಮೊಳಕಾಲುದ್ದದ ಕೆಸರಿಗಿಳಿದು, ಒಂದೊಂದು ಕೊಂಡಿಯನ್ನೂ ಕ್ಯಾಲಿಪರಿನಿಂದ ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ಸರಪಳಿಗಳನ್ನು ಕೂಡಿಸುವ ಶ್ಯಾಕಲ್ಲಿನ ಮೊಳೆ ತಿರುಗಿ ಬಿಚ್ಚದಂತೆ ಅದಕ್ಕೆ ತಂತಿ ಸುತ್ತಿ ಬಿಗಿಯುತ್ತಾರೆ. ಒಂದು ಗೇಣು ತಂತಿಯ ಕೆಲಸ. ಅದು ಸಡಿಲವಾದರೆ ಬಿರುಗಾಳಿಯ ರಾತ್ರಿ ಒಂದು ದೋಣಿ ಕಳಚಿಕೊಂಡು, ಪಕ್ಕದ ದೋಣಿಗಳಿಗೆ ಬಡಿದು, ತಾನೂ ಒಡೆದು ಅವನ್ನೂ ಒಡೆಯುತ್ತದೆ. ಒಳಗೆ ಯಾರಾದರೂ ಮಲಗಿದ್ದರೆ ಹೇಳಬೇಕಾದ್ದೇ ಇಲ್ಲ. ತಂತಿ ಸುತ್ತಿದವರು ಬೇರೆ, ಅದನ್ನು ನಂಬಿ ನಿದ್ರಿಸುವವರು ಬೇರೆ; ಇಬ್ಬರಿಗೂ ಪರಸ್ಪರ ಗುರುತುಂಟು. ಹಣ ಕೊಟ್ಟು ಕೊಂಡ ಲಂಗರಿಗೂ ಇದಕ್ಕೂ ಇಲ್ಲಿಯೇ ಭೇದ.

ದಡಕ್ಕೆ ಬಂದ ದೋಣಿಯ ತಳದಲ್ಲಿ ಪಾಚಿ ಮತ್ತು ಸಿಮೆಂಟಿನಂತೆ ಅಂಟಿಕೊಂಡ ಸಣ್ಣ ಚಿಪ್ಪುಗಳು. ಇವನ್ನು ನೀರಿನ ರಭಸದಿಂದ ತೊಳೆದು, ಉಳಿದದ್ದನ್ನು ಕೆರೆದು ತೆಗೆಯಬೇಕು. ಇವು ಹತ್ತದಿರಲೆಂದು ವಿಷದ ಬಣ್ಣ ಬಳಿಯುತ್ತಾರೆ. ಇದರ ಹಿಂದೆ ಒಂದು ದುಃಖದ ಕಥೆಯಿದೆ. ಟ್ರೈಬ್ಯುಟೈಲ್‌ಟಿನ್ ಎಂಬ ತವರದ ಸಂಯುಕ್ತ ಬೆರೆತ ಬಣ್ಣ ಬಹಳ ಪ್ರಭಾವಶಾಲಿಯೆಂದು ಹೆಸರಾಗಿತ್ತು. ಆದರೆ 1970ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯಲ್ಲಿ ಸಿಂಪಿ ಸಾಕುವವರಿಗೆ ಮರಿಗಳೇ ಸಿಗದಾದವು, ಬೆಳೆದ ಸಿಂಪಿಗಳ ಚಿಪ್ಪು ವಿಕಾರವಾಗಿ ದಪ್ಪವಾಯಿತು. ಕಾರಣ ಹುಡುಕಿದರೆ ಕೊಲ್ಲಿಯಲ್ಲಿ ನಿಂತ ವಿಹಾರದೋಣಿಗಳ ಬಣ್ಣ! 1982ರಲ್ಲಿ ಫ್ರಾನ್ಸು, 1987ರಲ್ಲಿ ಬ್ರಿಟನ್ನು ಸಣ್ಣ ದೋಣಿಗಳಿಗೆ ಅದನ್ನು ತಡೆದವು. 2001ರಲ್ಲಿ ಅಂತಾರಾಷ್ಟ್ರೀಯ ಒಪ್ಪಂದವಾಗಿ 2008ರಲ್ಲಿ ಅದು ಜಾರಿಗೆ ಬಂತು. ಈಗ ಹೆಚ್ಚಾಗಿ ತಾಮ್ರದ ಬಣ್ಣ, ಅದೂ ನಿರಪಾಯವಲ್ಲ. ಆದ್ದರಿಂದ ಕೆರೆಯುವ ಮುನ್ನ ತಾಡಪಾಲು ಹಾಸಿ, ಮೂಗಿಗೆ ಮುಖವಾಡ ಕಟ್ಟಿ, ಉಪ್ಪುಕಾಗದವನ್ನು ನೀರಿನಲ್ಲಿ ನೆನೆಸಿ ಉಜ್ಜಿ, ಬಿದ್ದ ಪುಡಿಯನ್ನೆಲ್ಲ ಗೋರಿ ಚೀಲಕ್ಕೆ ತುಂಬುವುದು ಕೂಡ ಶ್ರಮದಾನದ ಭಾಗ. ಇದರೊಡನೆಯೇ ತಳಕ್ಕೆ ಬಿಗಿದ ಸತುವಿನ ತುಂಡನ್ನೂ ನೋಡುತ್ತಾರೆ. ಉಪ್ಪುನೀರಿನಲ್ಲಿ ಎರಡು ಲೋಹಗಳು ಸೇರಿದರೆ ಬ್ಯಾಟರಿಯಂತಾಗಿ ಒಂದು ಕರಗುತ್ತದೆ. ಪ್ರೊಪೆಲ್ಲರು ಕರಗದಿರಲೆಂದು ಸತು ತಾನು ಕರಗುತ್ತದೆ. ಅರ್ಧ ಸವೆದಿದ್ದರೆ ಬೇರೆಯದನ್ನು ಹಾಕಬೇಕು.

ಇನ್ನು ಬರುವವರು, ಬಾರದವರು. ಇದು ಕಡಲಿನ ಪ್ರಶ್ನೆಯಲ್ಲ, ಎಲ್ಲ ಸಂಘಗಳದೂ. ರಾಜ್ಯೋತ್ಸವದ ನಾಟಕ ಮುಗಿದ ಮೇಲೆ ಕುರ್ಚಿ ಮಡಿಸುವವರು ಪ್ರತಿ ವರ್ಷವೂ ಅದೇ ಏಳೆಂಟು ಮಂದಿಯೆಂಬುದು ನಮ್ಮ ವಾಚಕರಿಗೆ ಹೊಸ ವಿಷಯವೇ? ಅಲ್ಲಿಯೂ ಹಾಗೆಯೇ. ಅದಕ್ಕಾಗಿ ಕೆಲವು ಕ್ಲಬ್ಬುಗಳು ಇಂತಿಷ್ಟು ಗಂಟೆ ದುಡಿಯಬೇಕು, ತಪ್ಪಿದರೆ ದಂಡ ತೆರಬೇಕೆಂದು ನಿಯಮ ಮಾಡಿವೆ. ಈ ದಂಡದ ಬಗ್ಗೆ ನಮಗೆ ಸಂಶಯವಿದೆ. ಇಸ್ರೇಲಿನ ಹೈಫಾ ನಗರದ ಹತ್ತು ಶಿಶುವಿಹಾರಗಳಲ್ಲಿ ನಡೆದು 2000ದಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಮಗುವನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗಳಿಗೆ ಕೆಲವು ವಿಹಾರಗಳಲ್ಲಿ ದಂಡ ಹಾಕಿದರು. ತಡಮಾಡುವವರು ಕಡಿಮೆಯಾಗಲಿಲ್ಲ, ಹೆಚ್ಚಾದರು! ಮೊದಲು ಸಂಕೋಚವಿತ್ತು, ಈಗ ದುಡ್ಡು ಕೊಟ್ಟಾಯಿತಲ್ಲ ಎಂಬ ನೆಮ್ಮದಿ. ದಂಡವನ್ನು ತೆಗೆದ ಮೇಲೂ ಹಳೆಯ ಸಂಕೋಚ ಮರಳಲಿಲ್ಲ. ಯಾಟ್ ಕ್ಲಬ್ಬಿನಲ್ಲಿಯೂ ಅನುಕೂಲವಂತರು ದಂಡವನ್ನು ಶುಲ್ಕದ ಜೊತೆಗೇ ಕಟ್ಟಿ ಕೈ ತೊಳೆದುಕೊಳ್ಳುವ ಅಪಾಯ ಇದ್ದೇ ಇದೆ. ಬಿಸಿ ಚಹ, ರೊಟ್ಟಿ, ಮಧ್ಯಾಹ್ನದ ಹರಟೆ, ಇವು ದಂಡಕ್ಕಿಂತ ಹೆಚ್ಚು ಜನರನ್ನು ಎಳೆದು ತರುತ್ತವೆ. ಆ ಚಹವನ್ನು ಬಹುಕಾಲ ಹೆಂಗಸರೇ ಕಾಸಬೇಕೆಂಬ ರೂಢಿ ಅಲ್ಲಿಯೂ ಇತ್ತು. ಈಗ ಅವರು ಸರಪಳಿ ಅಳೆಯುತ್ತಾರೆ, ಗಂಡಸರೂ ಕೆಟಲ್ ಇಡುತ್ತಾರೆ.

ಹಾಗಾದರೆ ನಮ್ಮಲ್ಲಿ? ಮುಂಬಯಿಯ ರಾಯಲ್ ಬಾಂಬೆ ಯಾಟ್ ಕ್ಲಬ್ 1846ರಷ್ಟು ಹಳೆಯದು. (ಅದರ ಹಳೆಯ ಕಟ್ಟಡದಲ್ಲಿಯೇ 1949ರಿಂದ ಕೆಲಕಾಲ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ನಡೆಯಿತು, ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರು ಆ ಸಂಸ್ಥೆಯನ್ನು ಸೇರಿದ್ದೂ ಅದೇ ವರ್ಷ. ಇದು ಬದಿಯ ಮಾತು.) ಇಲ್ಲಿ ಚಳಿಗಾಲಕ್ಕಲ್ಲ, ಮಳೆಗಾಲಕ್ಕೆ ದೋಣಿ ಮೇಲೇರಬೇಕು. ಆದರೆ ನಮ್ಮ ಕಡಲ ತೀರದಲ್ಲಿ ಇಂತಹ ಕೆಲಸ ಬಹುಮಟ್ಟಿಗೆ ತಾಂಡೇಲರ, ಖಲಾಸಿಗಳ ಕೈಯಲ್ಲಿದೆ. ಅದನ್ನು ಹವ್ಯಾಸಕ್ಕಾಗಿ ಧಣಿಗಳು ಕಿತ್ತುಕೊಂಡರೆ ಒಂದು ಸಂಸಾರದ ಅನ್ನಕ್ಕೆ ಕುತ್ತು ಬಂದೀತು. ಜೊತೆಗೆ ಕೈ ಹಾಕುವುದು ಬೇರೆ, ಆಳನ್ನು ಬಿಡಿಸುವುದು ಬೇರೆ. ಇಂಗ್ಲೆಂಡಿನ ಪದ್ಧತಿಯನ್ನು ಇದ್ದಂತೆಯೇ ತಂದು ಇಲ್ಲಿ ಹೂಡಲು ಬರುವುದಿಲ್ಲ.

ತರಬೇಕಾದ ಅಗತ್ಯವೂ ಇಲ್ಲವೇನೋ. ಮುಂಬಯಿಯಲ್ಲಿರುವ ಮೊಗವೀರ ಬಂಧುಗಳಲ್ಲಿ ಹಿರಿಯರನ್ನು ಕೇಳಿದರೆ ತಿಳಿದೀತು. ಉಡುಪಿ, ಮಂಗಳೂರು ತೀರಗಳಲ್ಲಿ ಮರದ ದೋಣಿಯನ್ನು ಮಳೆಗೆ ಮುಂಚೆ ಹತ್ತಾರು ಹೆಗಲುಗಳು ಸೇರಿ ದಡಕ್ಕೆಳೆದು, ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಮೀನೆಣ್ಣೆಯನ್ನೋ ಕುಡಿಸಿ ಇಡುತ್ತಿದ್ದರು. ರಂಪಣಿ ಬಲೆಯನ್ನಂತೂ ಒಂದು ಮನೆಯವರು ಎಳೆಯುವಂತೆಯೇ ಇರಲಿಲ್ಲ; ಊರಿಗೆ ಊರೇ ಹಗ್ಗ ಹಿಡಿಯಬೇಕು, ಬಂದ ಮೀನು ಪಾಲಾಗಬೇಕು. 1970ರ ದಶಕದ ಕೊನೆಯಲ್ಲಿ ಪರ್ಸೀನ್ ದೋಣಿಗಳು ಹೆಚ್ಚಿದ ಮೇಲೆ ರಂಪಣಿ ಹಿಂದೆ ಸರಿಯಿತು. ಅವರದು ಹೊಟ್ಟೆಪಾಡು, ಇವರದು ವಿನೋದ. ಆದರೂ ಹಗ್ಗದ ಇನ್ನೊಂದು ತುದಿಯಲ್ಲಿ ಯಾರಿದ್ದಾರೆಂದು ಇಬ್ಬರಿಗೂ ಗೊತ್ತು.

ವಸಂತದ ಶ್ರಮದಾನದ ಒಂದು ಮಾತು ಉಳಿಯಿತು. ಬಣ್ಣ ಒಣಗಿದ ದೋಣಿಯನ್ನು ಕ್ರೇನು ಎತ್ತಿ ನೀರಿಗೆ ಇಳಿಸುತ್ತದೆ, ಆದರೆ ಪಟ್ಟಿಗಳನ್ನು ಕೂಡಲೇ ಬಿಡುವುದಿಲ್ಲ. ದೋಣಿ ಅರ್ಧ ತೇಲುತ್ತ ಅರ್ಧ ತೂಗುತ್ತ ನಿಂತಿರುವಾಗ ಒಡೆಯರು ಟಾರ್ಚು ಹಿಡಿದು ಒಳಗಿಳಿದು, ನೆಲದ ಹಲಗೆ ಎತ್ತಿ, ಕವಾಟಗಳ ಸುತ್ತ ಬೆರಳಾಡಿಸಿ ನೀರು ಜಿನುಗುತ್ತಿದೆಯೇ ಎಂದು ನೋಡುತ್ತಾರೆ. ಚಳಿಗಾಲವೆಲ್ಲ ಒಣಗಿದ ಹಳೆಯ ಮರದ ದೋಣಿಯಾದರೆ ಹಲಗೆಗಳು ನೀರು ಹೀರಿ ಉಬ್ಬಿ ಸಂದು ಮುಚ್ಚುವವರೆಗೆ ಒಂದೆರಡು ದಿನ ಸ್ವಲ್ಪ ನೀರು ಬರುವುದು ಸಹಜ. ಅಂತಹ ದೋಣಿಗೆ ಪಂಪು ಇಟ್ಟು ಸರದಿಯ ಮೇಲೆ ಕಾವಲು ಕೂರುತ್ತಾರೆ. ದಡದಲ್ಲಿ ಹಗ್ಗ ಹಿಡಿದವರು, ಕ್ರೇನಿನ ಚಾಲಕ, ಕೈಸನ್ನೆಯವರು, ಎಲ್ಲರೂ ಮಾತು ನಿಲ್ಲಿಸಿ ಕಾಯುತ್ತಾರೆ. ಒಳಗಿನಿಂದ ತಲೆ ಮೇಲೆ ಬಂದು "ಒಣಗಿದೆ" ಎಂದರೆ ಪಟ್ಟಿ ಸಡಿಲವಾಗುತ್ತದೆ, ಪಟ್ಟಿಯಲ್ಲಿ ಮುಂದಿನ ಹೆಸರನ್ನು ಕೂಗುತ್ತಾರೆ.